ಮೇಸ್ತ್ರಿಗೆ ಓದಿ ಹೇಳಿದ ಕಾಗದ

ಮೊನ್ನೆ ಬೆಳಿಗ್ಗೆ ದೋಸೆಯ ಕಾವಲಿಯ ಮೇಲೆ ಮೇಣದ ಬತ್ತಿ ಬಿತ್ತು. ಹಿಂದಿನ ದಿನ ಕರೆಂಟ್ ಹೋದಾಗ ಹಚ್ಚಿ, ಒಲೆಯ ಪಕ್ಕದಲ್ಲೇ ನಿಲ್ಲಿಸಿ ಮರೆತಿದ್ದ ತುಂಡು. ಎಣ್ಣೆಯ ಡಬ್ಬಿ ಎತ್ತುವಾಗ ಕೈ ತಾಗಿ ಉರುಳಿತು. ಕಾದ ಕಬ್ಬಿಣದ ಮೇಲೆ ಮೇಣ ಕರಗಿ ಹರಿದು ಬಿಳಿ ಹೊಗೆ ಎದ್ದಿತು. ಕೋಣೆಯಿಂದ ಮಗಳು "ಅಮ್ಮೇ, ಎಂದಾ ಕರಿಯುನ್ನದ್?" ಎಂದು ಕೂಗಿದಳು. ಏನು ಕರಟುತ್ತಿದೆ ಎಂದು ಅವಳ ಪ್ರಶ್ನೆ. ಮನೆಯಲ್ಲಿ ನಾನು ಮಾತಾಡುವುದು ಕನ್ನಡ, ಅವಳು ಉತ್ತರ ಕೊಡುವುದು ಮಲಯಾಳದಲ್ಲಿ. "ಎಂತ ಇಲ್ಲ, ನೀನು ಹೊರಡು" ಎಂದೆ. ಒಲೆ ಆರಿಸಿ ಅಲ್ಲೇ ನಿಂತೆ.

ಆ ವಾಸನೆ ನನ್ನ ಪಾಲಿಗೆ ಅಡುಗೆಮನೆಯದ್ದಲ್ಲ. ಕೊಚ್ಚಿಯ ಒಂದು ಕಾರ್ಖಾನೆಯದ್ದು, ಅಲ್ಲಿ ಪೈಪಿನ ಕೆಲಸ ಮಾಡುತ್ತಿದ್ದ ಒಬ್ಬ ಮೇಸ್ತ್ರಿಯದ್ದು. ಕಾವಲಿ ತಿಕ್ಕಿದೆ, ದೋಸೆ ಹೊಯ್ದೆ, ತಿರುವನಂತಪುರದ ಶ್ರೀಕಾರ್ಯಂನಿಂದ ಪಟ್ಟಂಗೆ ಬಸ್ಸು ಹಿಡಿದೆ, ಆಫೀಸಿನಲ್ಲಿ ಫೈಲು ನೋಡಿದೆ. ಸಂಜೆಯವರೆಗೂ ಅದು ಮೂಗು ಬಿಟ್ಟು ಹೋಗಲಿಲ್ಲ.

ತುಕ್ಕು ಹಿಡಿದು ಕಚ್ಚಿಕೊಂಡದ್ದನ್ನು ಬಿಡಿಸುವುದು ಮೇಸ್ತ್ರಿಯ ಕೆಲಸ. ವಾಲ್ವ್, ಎರಡು ಪೈಪು ಕೂಡಿಸುವ ಯೂನಿಯನ್, ವರ್ಷಗಟ್ಟಲೆ ಯಾರೂ ಮುಟ್ಟದ ಬೋಲ್ಟು. ಕೊಚ್ಚಿಯ ಉಪ್ಪು ಗಾಳಿಗೆ ಕಬ್ಬಿಣ ಬೇಗ ಹಾಳಾಗುತ್ತದೆ. ಅದಕ್ಕೆ ಕಾರ್ಖಾನೆಯ ಆವಿಯೂ ಸೇರಿದರೆ ನಟ್ಟು ಯಾವುದು, ಪೈಪು ಯಾವುದು ಎಂದು ಗುರುತು ಸಿಗುವುದಿಲ್ಲ. ಬೇರೆ ಫಿಟ್ಟರುಗಳು ಕೈಚೆಲ್ಲಿದ್ದು ಕೊನೆಗೆ ಇವರ ಹತ್ತಿರ ಬರುತ್ತಿತ್ತು. ಮೊದಲು ತಂತಿಯ ಬ್ರಶ್ಶಿನಿಂದ ಉಜ್ಜುತ್ತಿದ್ದರು. ಡೀಸೆಲ್ ಬೆರೆಸಿದ ಎಣ್ಣೆ ಬಿಟ್ಟು ಬೇರೆ ಕೆಲಸಕ್ಕೆ ಹೋಗುತ್ತಿದ್ದರು. ಗಂಟೆಗಟ್ಟಲೆ ಬಿಟ್ಟು ಬಂದು, ಸಣ್ಣ ಸುತ್ತಿಗೆಯಿಂದ ಸುತ್ತಲೂ ಮೆಲ್ಲಗೆ ಬಡಿಯುತ್ತ ಶಬ್ದಕ್ಕೆ ಕಿವಿಗೊಡುತ್ತಿದ್ದರು. ಆಮೇಲೆ ಒಳಗಿನ ಪೈಪಿಗೆ ಒದ್ದೆ ಬಟ್ಟೆ ಸುತ್ತಿ, ಹೊರಗಿನದಕ್ಕೆ ಮಾತ್ರ ಬೆಂಕಿ ಕೊಟ್ಟು, ತಿರುಪಿನ ಥ್ರೆಡ್ಡಿನ ಬಾಯಿಗೆ ಮೇಣದ ಬತ್ತಿ ಹಿಡಿಯುತ್ತಿದ್ದರು. ಕಾದ ಕಬ್ಬಿಣ ಆ ಮೇಣವನ್ನು ತಾನೇ ಒಳಕ್ಕೆ ಎಳೆದುಕೊಳ್ಳುತ್ತಿತ್ತು. ಬತ್ತಿ ತರುತ್ತಿದ್ದದ್ದು ಚರ್ಚಿನ ಎದುರಿನ ಅಂಗಡಿಯಿಂದ. "ಮೇಸ್ತ್ರೀ, ಇವತ್ತು ಯಾವ ಸಂತನಿಗೆ ಹರಕೆ?" ಎಂದು ಹುಡುಗರು ಚುಡಾಯಿಸಿದರೆ, "ನಿನ್ನ ಬಾಯಿಗೆ ತುಕ್ಕು ಹಿಡೀಲಿ ಅಂತ ಹರಕೆ" ಎನ್ನುತ್ತಿದ್ದರು.

ಕೊನೆಗೆ ರೆಂಚು ಹಾಕುವಾಗ ಮೊದಲು ಬಿಡಿಸುವ ದಿಕ್ಕಿಗೆ ತಿರುಗಿಸುತ್ತಿರಲಿಲ್ಲ. ಇನ್ನಷ್ಟು ಬಿಗಿ ಮಾಡುವ ದಿಕ್ಕಿಗೆ, ಒಂದು ಕೂದಲೆಳೆಯಷ್ಟು. ನಾನು ಅದನ್ನು ಯಾವ ಪುಸ್ತಕದಲ್ಲೂ ಓದಿರಲಿಲ್ಲ. ಯಾಕೆ ಎಂದು ಕೇಳಿದ್ದಕ್ಕೆ, "ಅದು ಬಿಡುವುದಿಲ್ಲ ಅಂತ ಹಟ ಹಿಡಿದು ಕೂತಿರ್ತದೆ. ನಾವು ಆಚೆ ಕಡೆ ದೂಡಿದ್ರೆ ಅದಕ್ಕೆ ಗೊತ್ತಾಗುವುದಿಲ್ಲ, ಅಲ್ಲಾಡ್ತದೆ. ಒಮ್ಮೆ ಅಲ್ಲಾಡಿದ್ರೆ ಆಯ್ತಲ್ಲ" ಎಂದಿದ್ದರು.

ನಾನು ಆ ಕಾರ್ಖಾನೆಗೆ ಬಂದದ್ದು ಶ್ರೀಕಾರ್ಯಂನಲ್ಲಿ ಬಿ.ಟೆಕ್. ಮುಗಿಸಿದ ವರ್ಷವೇ. ನಮ್ಮದು ಕಾಸರಗೋಡಿನ ಕಡೆ. ಅಪ್ಪ ಕೆಂಪುಕಲ್ಲು ಕಡಿಯುತ್ತಿದ್ದರು, ಅಮ್ಮ ಬೀಡಿ ಕಟ್ಟುತ್ತಿದ್ದಳು. ಹತ್ತನೆಯವರೆಗೆ ನಾನು ಕನ್ನಡ ಮೀಡಿಯಂ. ಕಾಲೇಜಿನ ಮೊದಲ ವರ್ಷ ಮೇಷ್ಟ್ರು ಇಂಗ್ಲಿಷಿನಲ್ಲಿ ಪಾಠ ಮಾಡುತ್ತಿದ್ದರು, ಪಕ್ಕದವರು ಮಲಯಾಳದಲ್ಲಿ ನಗುತ್ತಿದ್ದರು, ನನಗೆ ಎರಡೂ ಅರ್ಥವಾಗುತ್ತಿರಲಿಲ್ಲ. ಡಿಕ್ಷನರಿ ಬದಿಗಿಟ್ಟುಕೊಂಡು ಒಂದೊಂದೇ ವಾಕ್ಯ ಕಲಿತೆ. ಮಲಯಾಳ ಓದಲು ಬರೆಯಲು ಹಾಸ್ಟೆಲಿನ ನೋಟಿಸ್ ಬೋರ್ಡಿನ ಎದುರು ನಿಂತು ಕಲಿತೆ. ನಮ್ಮ ಕುಟುಂಬದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಅದನ್ನು ಯಾರೂ ನನಗೆ ಎತ್ತಿ ಕೊಡಲಿಲ್ಲ. ಆ ಹೆಮ್ಮೆ ನನಗೆ ಈಗಲೂ ಇದೆ. ಮುಂದೆ ಬರೆಯುವುದಕ್ಕೆ ಅದು ಬೇಕಾದ್ದರಿಂದ ಹೇಳುತ್ತಿದ್ದೇನೆ.

ಸೇರಿದ ವಾರದಲ್ಲೇ ಪೈಪುಗಳ ನೆರಳಲ್ಲಿ ನಿಂತು ಅಮ್ಮನಿಗೆ ಫೋನು ಮಾಡುತ್ತಿದ್ದೆ. ಮಾತು ಮುಗಿಯುವಾಗ ಹಿಂದಿನಿಂದ, "ಊಟಕ್ಕೆ ಎಂತ ಇತ್ತು ಅಂತ ಅಮ್ಮ ಕೇಳಿದ್ರೆ ಸುಳ್ಳು ಹೇಳುವುದಾ ನೀನು?" ಎಂದು ಕನ್ನಡದಲ್ಲಿ ಕೇಳಿಸಿತು. ತಿರುಗಿ ನೋಡಿದರೆ ಮೇಸ್ತ್ರಿ, ಎಣ್ಣೆ ಹಿಡಿದ ಕೈಯನ್ನು ಹಳೆ ಬಟ್ಟೆಗೆ ಒರೆಸುತ್ತ.

"ಕ್ಯಾಂಟೀನಿನಲ್ಲಿ ಮೀನು ಎಲ್ಲಿ ಕೊಟ್ರು? ನಾನೂ ಅಲ್ಲೇ ಉಂಡದ್ದು" ಎಂದರು. ಊರು ಕೇಳಿದರು, ಹೇಳಿದೆ. ಅವರದ್ದೂ ಅದೇ ಕಡೆ. ಅಪ್ಪ ಏನು ಮಾಡುತ್ತಾರೆ ಎಂದರು.

"ಕಲ್ಲು ಕಡೀತಾರೆ."

"ಹಾಗಾದ್ರೆ ನೀನು ನಮ್ಮವಳೇ" ಎಂದರು.

ಅಂದಿನಿಂದ ನಾವಿಬ್ಬರೇ ಇದ್ದಾಗ ನಾನು ಅವರಿಗೆ 'ಮೋಳೆ', ಮಲಯಾಳದಲ್ಲಿ ಮಗಳು; ಅವರು ನನಗೆ 'ಮಾವ'. ನಾಲ್ಕು ಜನ ಇದ್ದಾಗ ಮೇಡಂ ಮತ್ತು ಮೇಸ್ತ್ರಿ. ಅವರು ಕೊಚ್ಚಿಗೆ ಬಂದು ಎಷ್ಟೋ ಕಾಲವಾಗಿತ್ತು. ಮದುವೆಯಾದದ್ದು ಅಲ್ಲಿಯವರನ್ನೇ. ಅವರ ಮಲಯಾಳ ಕೇಳಿದರೆ ಬೇರೆ ಊರಿನವರೆಂದು ಯಾರೂ ಹೇಳುತ್ತಿರಲಿಲ್ಲ. ಆದರೆ ಓದಲು ಬರುತ್ತಿರಲಿಲ್ಲ. ಶಾಲೆಗೆ ಹೋದದ್ದು ಮೂರನೇ ಕ್ಲಾಸಿನವರೆಗೆ, ಕನ್ನಡ ಶಾಲೆಗೆ. ಕನ್ನಡವನ್ನೂ ಅಕ್ಷರಕ್ಕೆ ಅಕ್ಷರ ಕೂಡಿಸಿ ಓದುತ್ತಿದ್ದರು. ಹಾಜರಿ ಪುಸ್ತಕದಲ್ಲಿ ಅವರೊಬ್ಬರದ್ದೇ ಕನ್ನಡ ಸಹಿ. "ಮೇಸ್ತ್ರಿಯ ಜಿಲೇಬಿ ಬಂತು" ಎಂದು ಟೈಂ ಆಫೀಸಿನವನು ನಗುತ್ತಿದ್ದ. "ನಿಮ್ಮದೇನು ಉದ್ದಿನ ವಡೆಯಾ? ಅದೂ ಜಿಲೇಬಿಯೇ" ಎಂದು ಇವರು ತಿರುಗಿ ಕೊಡುತ್ತಿದ್ದರು.

ಮನೆಗೆ ಬಂದ ಕಾಗದಗಳನ್ನೆಲ್ಲ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ನನ್ನ ಹತ್ತಿರ ತರುತ್ತಿದ್ದರು. ಇನ್ಶೂರೆನ್ಸಿನದ್ದು, ಆಸ್ಪತ್ರೆಯದ್ದು, ಒಮ್ಮೆ ಮಗಳಿಗೆ ಬಂದ ಮದುವೆಯ ಪ್ರಸ್ತಾಪದ್ದು. ನಾನು ಓದಿ ಕನ್ನಡದಲ್ಲಿ ಹೇಳುತ್ತಿದ್ದೆ. "ಮಗಳು ಓದುವುದಿಲ್ವಾ ಮಾವ?" ಎಂದು ಕೇಳಿದ್ದೆ. "ಅವಳು ಓದಿದ್ರೆ ಅವಳಿಗೆ ಬೇಕಾದ್ದು ಮಾತ್ರ ಹೇಳ್ತಾಳೆ. ಟೀ ಅಂಗಡಿಯವ ಓದಿದ್ರೆ ಇಡೀ ರಸ್ತೆಗೆ ಹೇಳ್ತಾನೆ. ನೀನು ಇದ್ದದ್ದನ್ನು ಇದ್ದ ಹಾಗೆ ಹೇಳ್ತಿ" ಎಂದಿದ್ದರು.

ನನ್ನ ಮೊದಲ ಶಟ್‌ಡೌನ್... ವರ್ಷಕ್ಕೊಮ್ಮೆ ಇಡೀ ಕಾರ್ಖಾನೆ ನಿಲ್ಲಿಸಿ ರಿಪೇರಿ ಮಾಡುವ ದಿನಗಳು. ನಾನು ಇನ್ನೂ ಪ್ರೊಬೇಷನ್‌ನಲ್ಲಿದ್ದೆ. ದೊಡ್ಡ ನೀರಿನ ಪೈಪಿನಿಂದ ಹೊರಟ ಒಂದು ಸಣ್ಣ ಕವಲು, ಅದರ ತುದಿಯಲ್ಲಿ ಒಂದು ವಾಲ್ವ್. ಅದನ್ನು ಬದಲಾಯಿಸಬೇಕಿತ್ತು. ಮೇಸ್ತ್ರಿ ಬೆಳಿಗ್ಗೆ ನೋಡಿ, ಬಡಿದು, ಎಣ್ಣೆ ಬಿಟ್ಟು, ನಾಳೆ ಬೆಳಿಗ್ಗೆ ತೆಗೆಯುತ್ತೇನೆ ಎಂದರು. ಮಧ್ಯಾಹ್ನ ಮ್ಯಾನೇಜರರ ಫೋನು ಬಂತು. ಸಂಜೆಯೊಳಗೆ ಆ ವಾಲ್ವ್ ಕೆಳಗಿರಬೇಕು, ಒಂದು ವಾಲ್ವ್ ಬಿಡಿಸಲು ಎರಡು ದಿನ ಬೇಕಾಗುವ ಇಂಜಿನಿಯರ್ ನನಗೆ ಬೇಡ ಎಂದರು.

ನಾನು ಹೋಗಿ ರೆಂಚಿನ ಹಿಡಿಗೆ ಉದ್ದದ ಪೈಪು ಸಿಕ್ಕಿಸಿ ಎಳೆಯಿರಿ ಎಂದೆ. ಬಲ ನಾಲ್ಕು ಪಟ್ಟು ಆಗುತ್ತದೆ, ಅದು ನನಗೆ ಪುಸ್ತಕದಿಂದ ಗೊತ್ತಿತ್ತು.

ಮೇಸ್ತ್ರಿ ಸ್ವರ ತಗ್ಗಿಸಿ ಕನ್ನಡದಲ್ಲಿ ಹೇಳಿದರು: "ಅದು ಇನ್ನೂ ತಯಾರಾಗ್ಲಿಲ್ಲ ಮೋಳೇ. ಈಗ ಎಳೆದ್ರೆ ವಾಲ್ವ್ ಬರುವುದಿಲ್ಲ, ಕವಲೇ ಬರ್ತದೆ."

ಸುತ್ತ ಏಳೆಂಟು ಜನ ಇದ್ದರು. ಅವರೆದುರು ಮೋಳೇ ಎಂದದ್ದು ನನಗೆ ಚುಚ್ಚಿತು. ನಾನು ಮಲಯಾಳದಲ್ಲಿ, ಎಲ್ಲರಿಗೂ ಕೇಳುವ ಹಾಗೆ, "ಇಲ್ಲಿ ಇಂಜಿನಿಯರ್ ಯಾರು ಮೇಸ್ತ್ರೀ, ನಾನಾ ನೀವಾ?" ಎಂದೆ.

ಅವರು ನನ್ನನ್ನೊಮ್ಮೆ ನೋಡಿದರು. "ನೀವೇ ಮೇಡಂ" ಎಂದರು.

ಪೈಪು ಸಿಕ್ಕಿಸಿದರು. ಇಬ್ಬರು ಹುಡುಗರನ್ನು ದೂರ ನಿಲ್ಲಿಸಿ ಒಬ್ಬರೇ ಎಳೆದರು. ಆಗಲೂ ಮೊದಲು ಬಿಗಿ ಮಾಡುವ ದಿಕ್ಕಿಗೆ ಒಂದಿಷ್ಟು. ಆಮೇಲೆ ಈಚೆಗೆ. ಟಕ್ ಎಂದು ಒಂದೇ ಶಬ್ದ. ಕವಲು ಬುಡದಲ್ಲೇ ಮುರಿದು ದೊಡ್ಡ ಪೈಪಿನ ಗೋಡೆಯೂ ಸೀಳಿತು. ಮೇಸ್ತ್ರಿ ಮುರಿದ ಅಂಚನ್ನು ಬೆರಳಿನಿಂದ ಸವರಿ ನೋಡಿದರು. ಅರ್ಧ ಭಾಗ ಮೊದಲೇ ತುಕ್ಕು ತಿಂದಿತ್ತು, ಉಳಿದರ್ಧ ಹೊಸ ಪಾತ್ರೆಯ ಹಾಗೆ ಹೊಳೆಯುತ್ತಿತ್ತು.

ದೊಡ್ಡ ಪೈಪು ಕತ್ತರಿಸಿ ಬೆಸೆಯಬೇಕಾಯಿತು. ಕಾರ್ಖಾನೆ ಎರಡು ದಿನ ತಡವಾಗಿ ಶುರುವಾಯಿತು. ಯಾರ ತಪ್ಪು ಎಂದು ಮೇಲಿನವರು ಕೇಳಿದರು. ಮ್ಯಾನೇಜರ್ ನನ್ನನ್ನು ಕರೆದು, "ಮೇಸ್ತ್ರಿಯ ಹತ್ತಿರ ಒಂದು ಸ್ಟೇಟ್‌ಮೆಂಟ್ ತೆಗೆದುಕೊಳ್ಳಬೇಕು. ನೀನೇ ಬರಿ, ಅವನಿಗೆ ಬರೆಯಲು ಬರುವುದಿಲ್ಲವಲ್ಲ" ಎಂದರು. ಏನು ಬರೆಯಬೇಕೆಂದು ಅವರು ಹೇಳಲಿಲ್ಲ. ಹೇಳುವ ಅಗತ್ಯ ಇರಲಿಲ್ಲ. ನನ್ನ ಪ್ರೊಬೇಷನ್ ಫೈಲು ಅವರ ಮೇಜಿನ ಮೇಲೇ ಇತ್ತು.

ಬರೆದೆ. ಇಂಜಿನಿಯರ್ ಮೇಡಂ ಬೇಡವೆಂದರೂ ಕೇಳದೆ, ನಾನು ನನ್ನ ಇಚ್ಛೆಯಿಂದ ರೆಂಚಿಗೆ ಪೈಪು ಸಿಕ್ಕಿಸಿ ಬಲ ಹಾಕಿದ್ದರಿಂದ ಈ ಹಾನಿ ಆಯಿತು ಎಂದು, ಅವರ ಬಾಯಲ್ಲಿ, ಇಂಗ್ಲಿಷಿನಲ್ಲಿ. ಮ್ಯಾನೇಜರ್ ಎರಡು ಸಲ ಓದಿದರು. ಅಲ್ಲಿಯವರೆಗೆ ನನ್ನ ಯಾವ ರಿಪೋರ್ಟನ್ನೂ ಕೆಂಪು ಶಾಯಿ ತಾಗಿಸದೆ ಅವರು ಬಿಟ್ಟವರಲ್ಲ. ಅಂದು ಒಂದು ಅಕ್ಷರ ತಿದ್ದಲಿಲ್ಲ. "ನಿನ್ನ ಇಂಗ್ಲಿಷ್ ಸುಧಾರಿಸಿದೆ" ಎಂದರು. ನನಗೆ ಸಂತೋಷವಾಯಿತು. ಇದನ್ನು ಬಿಟ್ಟು ಬರೆಯಬಹುದಿತ್ತು, ಆದರೆ ಆದದ್ದು ಹೌದು... ಸಂತೋಷವಾಯಿತು.

ಗೇಟಿನ ಪಕ್ಕದ ಕೋಣೆಯಲ್ಲಿ ಮೇಸ್ತ್ರಿಯನ್ನು ಕೂರಿಸಿದ್ದರು. ನಾನು ಕಾಗದ ಮುಂದಿಟ್ಟೆ.

"ಎಂತ ಉಂಟು ಮೋಳೇ ಇದ್ರಲ್ಲಿ? ಓದು."

ನಾನು ಕಾಗದದ ಮೇಲೆ ಕಣ್ಣು ಓಡಿಸುತ್ತ ಹೇಳಿದೆ: "ಪೈಪು ಹಳತಾಗಿತ್ತು, ಒಳಗೆ ತುಕ್ಕು ತಿಂದಿತ್ತು, ಬಿಡಿಸುವಾಗ ಮುರೀತು ಅಂತ ಉಂಟು ಮಾವ. ಯಾರ ತಪ್ಪೂ ಅಲ್ಲ ಅಂತ."

ಅವರು ಕಾಗದವನ್ನು ತಮ್ಮ ಕಡೆ ಎಳೆದುಕೊಂಡು ಕೇಳಿದರು: "ನಿನ್ನ ಹೆಸರು ಹಾಕ್ಲಿಲ್ಲ ಅಲ್ವಾ? ಕೆಲಸ ಇನ್ನೂ ಪರ್ಮನೆಂಟ್ ಆಗ್ಲಿಲ್ಲ ನಿನಗೆ."

"ಇಲ್ಲ ಮಾವ."

"ಹಾಗಾದ್ರೆ ಅಡ್ಡಿಯಿಲ್ಲ" ಎಂದು ಪೆನ್ನು ತೆಗೆದುಕೊಂಡರು. ನಿಧಾನವಾಗಿ, ಒಂದೊಂದೇ ಅಕ್ಷರ ದುಂಡಗೆ ಮಾಡಿ, ಕನ್ನಡದಲ್ಲಿ ಸಹಿ ಹಾಕಿದರು.

ತಿಂಗಳೊಳಗೆ ಅವರ ಗೇಟ್ ಪಾಸ್ ರದ್ದಾಯಿತು. ವಯಸ್ಸಾಯಿತು, ಹೊಸ ನಿಯಮ ಬಂದಿದೆ ಎಂದು ಅವರನ್ನು ಕೆಲಸಕ್ಕೆ ಕಳಿಸುತ್ತಿದ್ದ ಕಂಟ್ರಾಕ್ಟರ್ ಹೇಳಿದನಂತೆ. ನನಗೆ ಹೇಳಿ ಹೋಗಲು ಬಂದಿದ್ದರು. ನನ್ನ ಕೆಲಸ ಪರ್ಮನೆಂಟ್ ಆಗಿತ್ತು, ಅದಕ್ಕೆ ಅವರೇ ಸಿಹಿ ತಂದಿದ್ದರು. ಎರಡು ವರ್ಷದ ಮೇಲೆ ನಾನು ಪಿ.ಎಸ್.ಸಿ. ಪರೀಕ್ಷೆ ಬರೆದು ಸರಕಾರಿ ಕೆಲಸಕ್ಕೆ ತಿರುವನಂತಪುರಕ್ಕೆ ಬಂದೆ. ಮದುವೆ, ಮಗು, ಮನೆಯ ಸಾಲ. ಅವರ ನೆನಪು ಬಂದಾಗ ಬೇರೆ ಯಾವುದಾದರೂ ಕೆಲಸಕ್ಕೆ ಕೈ ಹಾಕುತ್ತಿದ್ದೆ.

ಮತ್ತೆ ಸಿಕ್ಕಿದ್ದು ಎರ್ನಾಕುಲಂನಲ್ಲಿ. ಆಫೀಸಿನ ಒಂದು ಕೇಸಿಗೆ ಕೋರ್ಟಿಗೆ ಹೋಗಿದ್ದೆ. ಮಧ್ಯಾಹ್ನ ಒಂದು ಬಟ್ಟೆ ಅಂಗಡಿಯ ಎದುರು ಹಾದು ಹೋಗುವಾಗ, ಭುಜದಲ್ಲಿ ಜೋತುಬಿದ್ದ ನೀಲಿ ಯೂನಿಫಾರ್ಮ್ ಹಾಕಿ, ಶಿಳ್ಳೆ ಊದುತ್ತ ಕಾರುಗಳನ್ನು ಹಿಂದಕ್ಕೆ ಬರಲು ಕೈ ಬೀಸುತ್ತಿದ್ದ ಮುದುಕರೊಬ್ಬರು ಕಂಡರು. ನಾನು ತಲೆ ತಗ್ಗಿಸಿ ದಾಟಿ ಹೋಗುವವಳಿದ್ದೆ. ಅವರೇ ಕರೆದರು. "ಮೋಳೇ! ಸರಕಾರದವಳಾದ ಮೇಲೆ ದಪ್ಪ ಆಗಿದ್ದಿ ಮಾರಾಯ್ತಿ!"

ಟೀ ಕುಡಿಯಲು ಹೋದೆವು. ಆಮೇಲೆ ಯಾವ ಕಾರ್ಖಾನೆಯಲ್ಲೂ ಕೆಲಸ ಸಿಗಲಿಲ್ಲವಂತೆ. ಎಲ್ಲ ಗೇಟಿನಲ್ಲೂ ನೋಡೋಣ ನೋಡೋಣ ಎಂದರಂತೆ. ಮಗಳ ಗಂಡ ಅದೇ ಕಂಟ್ರಾಕ್ಟರನ ಕೈಕೆಳಗೆ ಇದ್ದಾನೆ. ಅವನು ಮನೆಯಲ್ಲಿ, ಮಾವ, ಮೇಡಂ ಬೇಡ ಅಂದರೂ ಕೇಳದೆ, ಪೈಪು ಮುರಿದು ಕೆಲಸ ಕಳೆದುಕೊಂಡವರು ಎಂದನಂತೆ. "ನಾನು ಬಿಡ್ತೇನಾ? ಸುಳ್ಳು ಬೊಗಳ್ಬೇಡ, ಕಾಗದದಲ್ಲಿ ಎಂತ ಉಂಟು ಅಂತ ನನಗೆ ಗೊತ್ತುಂಟು, ನಮ್ಮ ಊರಿನ ಹುಡುಗಿ ಓದಿ ಹೇಳಿದ್ದಾಳೆ ಅಂದೆ. ಮಗಳ ತಲೆ ಮುಟ್ಟಿ ಹೇಳಿದೆ. ಅವಳು ಗಂಡನ ಮಾತನ್ನೇ ನಂಬಿದ್ಲು. ಮೂರು ವರ್ಷ ಆಯ್ತು, ಅವರ ಮನೆಯಲ್ಲಿ ನಾನು ಒಂದು ತುತ್ತು ತಿನ್ನಲಿಲ್ಲ" ಎಂದರು. ಹೇಳಿ ನಕ್ಕರು ಕೂಡ.

ಆಗ ನಾನು ಹೇಳಿಬಿಟ್ಟೆ. ಕಾಗದದಲ್ಲಿ ಇದ್ದದ್ದೇನು, ನಾನು ಓದಿದ್ದೇನು, ಬರೆದದ್ದು ಯಾರು, ಎಲ್ಲ.

ಮೇಸ್ತ್ರಿ ಗ್ಲಾಸಿನಲ್ಲಿ ಉಳಿದಿದ್ದ ಟೀ ಪೂರ್ತಿ ಕುಡಿದರು. ಬೈಯಲಿಲ್ಲ. ಬೈದಿದ್ದರೆ ಅಳಬಹುದಿತ್ತು.

"ಹಾಗಾದ್ರೆ ಅಳಿಯ ಹೇಳಿದ್ದು ಕಾಗದದಲ್ಲಿ ಇದ್ದದ್ದೇ" ಎಂದರು. "ಅವನನ್ನು ನಾನು ಸುಳ್ಳ ಅಂದದ್ದು."

"ತಪ್ಪಾಯ್ತು ಮಾವ."

"ಬಾಯಲ್ಲಿ ಬೇಡ. ನಿನ್ನ ಬಾಯಲ್ಲಿ ಒಮ್ಮೆ ಕೇಳಿದ್ದೇನೆ." ಸ್ವರ ಏರಲಿಲ್ಲ. "ಬರೆದು ಕೊಡು. ಮಲಯಾಳದಲ್ಲಿ ಬರಿ, ಮಗಳು ಓದ್ಲಿ. ಎಳೆಯಿರಿ ಅಂತ ಹೇಳಿದ್ದು ನಾನು, ಬೇಡ ಅಂತ ಹೇಳಿದ್ದು ಮೇಸ್ತ್ರಿ. ಅಷ್ಟೇ ಸಾಕು. ಕೆಳಗೆ ನಿನ್ನ ಸಹಿ."

"ಬರೀತೇನೆ ಮಾವ. ಪೋಸ್ಟಿನಲ್ಲಿ ಕಳಿಸ್ತೇನೆ."

"ಈಗ ಪೆನ್ನು ಇಲ್ವಾ?"

ನನ್ನ ಚೀಲದಲ್ಲಿ ಎರಡು ಪೆನ್ನು ಇತ್ತು, ಕೋರ್ಟಿನ ಬಿಳಿ ಹಾಳೆಗಳೂ ಇದ್ದವು. "ಸರಿಯಾಗಿ ಯೋಚಿಸಿ ಬರೀಬೇಕಲ್ಲ ಮಾವ" ಎಂದೆ. ಅವರು ತಲೆಯಾಡಿಸಿ, ವಿಳಾಸ ಹೇಳಿ, ಶಿಳ್ಳೆ ಬಾಯಿಗಿಟ್ಟುಕೊಂಡು ರಸ್ತೆ ದಾಟಿದರು.

ಬರೆಯಲು ಕೂತದ್ದು ಎಷ್ಟು ಸಲವೋ. ಮೊದಲ ವಾಕ್ಯ ಬರೆದ ಕೂಡಲೇ ಕೆಳಗೆ ನನ್ನ ಸಹಿ ಬೀಳುವ ಜಾಗ ಕಾಣುತ್ತಿತ್ತು. ಇನ್ನೊಬ್ಬರ ಹೆಸರಲ್ಲಿ ಸುಳ್ಳು ಹೇಳಿಕೆ ಬರೆದು ಸಹಿ ಹಾಕಿಸಿದ್ದೇನೆ ಎಂದು ಸರಕಾರಿ ಕೆಲಸದಲ್ಲಿರುವವಳು ಬರೆದು ಕೊಟ್ಟರೆ, ಆ ಕಾಗದ ನಾಳೆ ಯಾರ ಕೈಗೆ ಹೋಗುತ್ತದೆ? ಆಗ ನನ್ನ ಬಡ್ತಿಯ ಫೈಲು ಓಡಾಡುತ್ತಿತ್ತು. ಬಡ್ತಿ ಬಂದ ಮೇಲೆ ಬರೆಯೋಣ ಎಂದುಕೊಂಡೆ. ಬಡ್ತಿ ಬಂತು. ಆಮೇಲೆ... ಆಮೇಲೆ ಬೇರೆ ಕಾರಣಗಳು ಇದ್ದವು. ಕಾರಣಗಳಿಗೆ ನನ್ನಲ್ಲಿ ಯಾವತ್ತೂ ಬರ ಇರಲಿಲ್ಲ.

ಮೇಸ್ತ್ರಿ ತೀರಿಹೋದ ಸುದ್ದಿ ಹಳೆಯ ಕಾರ್ಖಾನೆಯ ಒಬ್ಬರಿಂದ ಫೋನಿನಲ್ಲಿ ಬಂತು. ಹೋಗಿ ಹದಿನೈದು ದಿನವಾಗಿತ್ತು. ರೈಲು ಹತ್ತಿ ಕೊಚ್ಚಿಗೆ ಹೋದೆ. ಮನೆ ಹುಡುಕಿದೆ. ಬಾಗಿಲು ತೆರೆದದ್ದು ಮಗಳು. ಅಮ್ಮನನ್ನು ತನ್ನ ಮನೆಗೆ ಕರೆದುಕೊಂಡು ಹೋಗಲು ಬಂದು, ಪಾತ್ರೆ ಕಟ್ಟುತ್ತಿದ್ದಳು. ನಾನು ಕನ್ನಡದಲ್ಲಿ ಮಾತು ಶುರು ಮಾಡಿದೆ. ಅವಳಿಗೆ ಅರ್ಥವಾಯಿತು, ಆದರೆ ಉತ್ತರ ಮಲಯಾಳದಲ್ಲಿ ಬಂತು. ಯಾರು ಎಂದಳು.

"ಒಟ್ಟಿಗೆ ಕೆಲಸ ಮಾಡಿದವಳು" ಎಂದೆ.

ಚಾ ಕೊಟ್ಟಳು. ಅಪ್ಪ ಕೊನೆಯ ಎರಡು ವರ್ಷ ಒಂದು ಕಾಗದಕ್ಕೆ ಕಾಯುತ್ತಿದ್ದರು ಎಂದಳು. ತಿರುವನಂತಪುರದಿಂದ ಒಬ್ಬ ಮೇಡಂ ಕಳಿಸುತ್ತಾರೆ, ಬಂದ ಮೇಲೆ ನಿನ್ನ ಗಂಡನನ್ನು ಕೂರಿಸಿ ಓದಿಸುತ್ತೇನೆ ಎನ್ನುತ್ತಿದ್ದರಂತೆ. ಪೋಸ್ಟ್‌ಮ್ಯಾನ್ ಇವರನ್ನು ಕಂಡರೆ ದೂರದಿಂದಲೇ ಇಲ್ಲ ಎಂದು ಕೈಯಾಡಿಸಿಬಿಡುತ್ತಿದ್ದನಂತೆ. "ಅಂಥ ಮೇಡಂ ಯಾರೂ ಇಲ್ಲ ಅಂತ ನಾವು ತಿಳಿದೆವು. ಮುದುಕರು ತಮ್ಮ ಸಮಾಧಾನಕ್ಕೆ ಏನೋ ಕಟ್ಟಿಕೊಳ್ಳುತ್ತಾರೆ. ನಾವೂ ಹೂಂ ಅನ್ನುತ್ತಿದ್ದೆವು" ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅಪ್ಪನ ಮೇಲೆ ಮರುಕ ಇತ್ತು.

ನನ್ನ ಎದುರಿಗೇ ಕೂತಿದ್ದಳು. ಹೇಳಲು ಒಂದು ನಿಮಿಷ ಸಾಕಿತ್ತು. ನಾನು ಚಾ ಚೆನ್ನಾಗಿದೆ ಎಂದೆ. ರೈಲಿಗೆ ಹೊತ್ತಾಯಿತು ಎಂದು ಎದ್ದೆ.

ಈಗ ಇಷ್ಟು ಬರೆದಿದ್ದೇನೆ. ಮೇಸ್ತ್ರಿಯ ಹೆಸರು ಹಾಕಿಲ್ಲ, ಕಾರ್ಖಾನೆಯದ್ದೂ ಇಲ್ಲ. ಬೇಡ ಎಂದವರು ಅವರು, ಎಳೆಯಿರಿ ಎಂದವಳು ನಾನು ಎಂಬುದನ್ನು ಸ್ಪಷ್ಟವಾಗಿ ಬರೆದಿದ್ದೇನೆ, ಕನ್ನಡದಲ್ಲಿ. ಅವರ ಮಗಳಿಗೆ ಕನ್ನಡ ಓದಲು ಬರುವುದಿಲ್ಲ. ಅವಳ ವಿಳಾಸ ನನ್ನ ಹತ್ತಿರ ಇದೆ. ಮಲಯಾಳದಲ್ಲಿ ಬರೆಯಲು ನನಗೆ ಚೆನ್ನಾಗಿ ಬರುತ್ತದೆ.